ಬ್ಯಾಂಕ್ ಮುಳುಗಿದ ನಾಟಕದ ಮರುದಿನ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನನ್ನ ನಾಟಕಗಳನ್ನು ಆಕಳಿಸದೆ ನೋಡಿದ ಬ್ಯಾಂಕಿನ ಸಹೋದ್ಯೋಗಿಗಳೇ ಮತ್ತು ಸಭಿಕರೇ,

ಅರ್ಥಶಾಸ್ತ್ರದಲ್ಲಿ ನಾಟಕವೆಲ್ಲಿದೆ ಎಂದು ಜನ ಕೇಳುತ್ತಾರೆ. ಪ್ರೇಮಕ್ಕೆ ಕಥೆಯಿದೆ, ಯುದ್ಧಕ್ಕೆ ಕಥೆಯಿದೆ; ಠೇವಣಿಗಾಗಿ ಯಾರು ಕಣ್ಣೀರು ಹಾಕುತ್ತಾರೆ? ನಾನು ಹಾಕಬೇಕಾಯಿತು, ಅಧ್ಯಕ್ಷರೇ.

ಮ್ಯಾನೇಜರಾಗಿದ್ದಾಗ ಸಿಬ್ಬಂದಿ ಸಂಘದ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಬರೆದೆ. ಗಾಳಿಮಾತಿಗೆ ಹೆದರಿದ ಜನ ಒಟ್ಟಿಗೇ ಠೇವಣಿ ತೆಗೆಯಲು ಮುಗಿಬಿದ್ದು, ಗಟ್ಟಿಮುಟ್ಟಾದ ಬ್ಯಾಂಕೊಂದು ಮುಳುಗುವ ಕಥೆ. ಖರ್ಚು ಉಳಿಸಲು ಶಾಖೆಯ ಮೇಜು, ಫಲಕಗಳನ್ನೇ ರಂಗಕ್ಕೆ ಸಾಗಿಸಿದೆವು. ಕ್ಯಾಷಿಯರ್ ಪಾತ್ರ ಕ್ಯಾಷಿಯರಿಗೆ, ಮ್ಯಾನೇಜರ್ ಪಾತ್ರ ನನಗೆ. ಪ್ರೇಕ್ಷಕರು ಯಾರು? ನಮ್ಮ ಠೇವಣಿದಾರರೇ! ನಮ್ಮ ಬುದ್ಧಿಗೆ ಏನೆನ್ನಬೇಕು?

ಮರುದಿನ ಬೆಳಗ್ಗೆ ಶಾಖೆಯ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಸಾಲು. ಸಾಲಿನ ತಲೆಯಲ್ಲಿ ಯಾರು? ನನ್ನ ಹೆಂಡತಿ.

“ಅದು ನಾಟಕ ಕಣೇ!” ಎಂದೆ.

“ನಾಟಕ ಅಂತ ನಂಗೂ ಗೊತ್ತು. ಆದ್ರೆ ‘ದುಡ್ಡು ಭದ್ರವಾಗಿದೆ’ ಅಂತ ಹೇಳ್ವಾಗ ಕತ್ತಿನ ಬೆವರು ಒರೆಸ್ಕೊಂಡ್ರಲ್ಲ, ಅದು ನಾಟಕ ಅಲ್ಲ ರೀ. ನಿಮ್ಮ ತಮ್ಮನಿಗೆ ಕದ್ದುಮುಚ್ಚಿ ದುಡ್ಡು ಕೊಟ್ಟಾಗ್ಲೂ ಹೀಗೇ ಒರೆಸ್ಕೋತೀರಿ.”

ಅವಳ ಹಿಂದಿದ್ದ ದರ್ಜಿ, “ಮನೆಯೋರೇ ನಂಬ್ತಿಲ್ಲ, ನಾವ್ಯಾವ ಲೆಕ್ಕ!” ಎಂದ. ಅವಳು ಹಣ ತೆಗೆದಳೆಂದರೆ ಉಳಿದವರೂ ತೆಗೆಯುವುದು ಖಚಿತ. ಸಂಜೆಯೊಳಗೆ ತಿಜೋರಿ ಬರಿದು. ಬ್ಯಾಂಕೂ ಹೋಯಿತು, ನಮ್ಮೆಲ್ಲರ ಕೆಲಸವೂ ಹೋಯಿತು ಎಂದುಕೊಂಡೆ.

ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಕ್ಯಾಷಿಯರನ್ನು ಕೇಳಿದಳು: “ಅಣ್ಣಾ, ನಿಮ್ಮ ದುಡ್ಡು ಎಲ್ಲಿಟ್ಟಿದ್ದೀರಿ?”

“ಇಲ್ಲೇ ಅಕ್ಕಾ. ಮಗಳ ಓದಿನ ದುಡ್ಡೂ ಇಲ್ಲೇ ಇದೆ.”

ಅವಳು ಅವನ ಕತ್ತನ್ನೇ ದಿಟ್ಟಿಸಿ ನೋಡಿದಳು. ಒಣಗಿತ್ತು.

“ಹಾಗಾದ್ರೆ ಬ್ಯಾಂಕ್ ಸರಿಯಾಗೇ ಇದೆ. ನಮ್ಮ ಜಂಟಿ ಖಾತೆ ಇಲ್ಲೇ ಇರ್ಲಿ. ಇವ್ರ ಹೆಸರು ಮಾತ್ರ ತೆಗೀರಿ!”

ಮೊದಲು ನಕ್ಕವನು ದರ್ಜಿ. ನಗು ಸಾಲಿನ ಬಾಲದವರೆಗೂ ಹೋಯಿತು. ಅದರ ಹಿಂದೆಯೇ ಸಾಲೂ ಕರಗಿತು. ನನ್ನ ಹೆಸರು ತೆಗೆಯುವ ಅರ್ಜಿಗೆ ಗಂಡನಾಗಿ ಒಂದು ಸಹಿ, ಮ್ಯಾನೇಜರಾಗಿ ಇನ್ನೊಂದು ಸಹಿ ಹಾಕಿದೆ.

ಹಣಕಾಸಿನಲ್ಲಿ ಕಥೆಯಿಲ್ಲ ಎನ್ನುವ ಯುವ ಲೇಖಕರೇ, ಒಮ್ಮೆ ಬ್ಯಾಂಕಿಗೆ ಬನ್ನಿ. ಹೆಂಡತಿಯನ್ನು ಕರೆತರಬೇಡಿ.

ಆಕೆ ಇಲ್ಲೇ ಮುಂದೆ ಕುಳಿತಿದ್ದಾಳೆ. ನನ್ನ ಹೆಸರನ್ನು ಖಾತೆಗೆ ಮತ್ತೆ ಸೇರಿಸಬೇಕೆಂಬ ಮನವಿ, ನಾನು ನಿವೃತ್ತನಾದ ಮೇಲೂ, ಪರಿಶೀಲನೆಯಲ್ಲಿಯೇ ಇದೆಯಂತೆ. ಕೇಳಿಸಿಕೊಂಡ ನಿಮಗೂ, ಪರಿಶೀಲಿಸುತ್ತಿರುವ ಅವಳಿಗೂ ನಾನು ಋಣಿ. ನಮಸ್ಕಾರ.