ಕಪ್ಪೆ ದಾಟಿಸುವ ರಸ್ತೆ

ಚಳಿಗಾಲದ ಕೊನೆಗೆ ಮೊದಲ ಬೆಚ್ಚನೆಯ ಮಳೆ ಬಿದ್ದರೆ ಸಾಕು, ನಮ್ಮ ಪೋರ್ಟ್‌ಲ್ಯಾಂಡಿನ ಕಾಡಿನಿಂದ ಕೆಂಗಾಲಿನ ಕಪ್ಪೆಗಳು ಇಳಿಯತೊಡಗುತ್ತವೆ. ಗುಡ್ಡದ ಕಾಡಿಗೂ ಕೆಳಗಿನ ಕೆರೆಗೂ ನಡುವೆ ಹೆದ್ದಾರಿ. ಮೊಟ್ಟೆಯಿಡಲು ಅವು ಕೆರೆಗೆ ಹೋಗಲೇಬೇಕು, ಹೋದರೆ ಲಾರಿಯ ಗಾಲಿಗೆ ಸಿಗುತ್ತವೆ. ಅದಕ್ಕೇ ಪ್ರತಿವರ್ಷ ನಾವೊಂದಿಷ್ಟು ಜನ ಸಂಜೆ ಹೊತ್ತು ಬಕೆಟ್ ಹಿಡಿದು ನಿಂತು, ಅವನ್ನು ಎತ್ತಿ ಆಚೆ ದಾಟಿಸುತ್ತೇವೆ. ಕೆರೆಗೆ ಇಳಿಯುವವಕ್ಕೆ ನೀಲಿ ಬಕೆಟ್, ಮೊಟ್ಟೆಯಿಟ್ಟು ಕಾಡಿಗೆ ಮರಳುವವಕ್ಕೆ ಬಿಳಿ ಬಕೆಟ್.

ಆ ಸಂಜೆ ಮಳೆ ಒಮ್ಮೆಲೇ ಜೋರಾಗಿ, ಎಲ್ಲರೂ ಕಾಡಿನ ಬದಿಯ ತಗಡಿನ ಮಾಡಿನ ಕೆಳಗೆ ಸೇರಿಕೊಂಡೆವು. ಕೊನೆಗೆ ಓಡಿಬಂದವಳು ರೊವೀನಾ, ಆ ವರ್ಷ ಹೊಸದಾಗಿ ಸೇರಿದ್ದ ಹಲ್ಲಿನ ಡಾಕ್ಟರು. ಬಕೆಟ್ ಕೆಳಗಿಟ್ಟು ಭುಜ ಉಜ್ಜಿಕೊಂಡಳು.

"ಅಬ್ಬಬ್ಬಾ, ಇರೋದು ಎರಡು ಕಪ್ಪೆ, ರಸ್ತೆ ನಡುವೆ ಬಂದಾಗ ಏನ್ ಭಾರ ಅಂತೀರಿ! ತೋಳೇ ಕಿತ್ತು ಬಂತು."

ಮೂಲೆಯಲ್ಲಿ ಕಾಫಿ ಹೀರುತ್ತಿದ್ದ ವರ್ನಾ ತಲೆಯೆತ್ತಿದಳು. ನಮ್ಮಲ್ಲೆಲ್ಲ ಹಿರಿಯಳು ಅವಳೇ, ಬೈಗುಳಕ್ಕೂ ಹೆಸರಾದವಳು.

"ಎತ್ತೋವಾಗ ಅವುಗಳ ಮುಖ ಎತ್ತ ಇತ್ತು?"

"ನೋಡ್ಲಿಲ್ಲ ವರ್ನಾ. ಮುಖ ನೋಡಿ ಮುತ್ತು ಬೇರೆ ಕೊಡ್ಬೇಕಿತ್ತಾ?"

ನಾವೆಲ್ಲ ನಕ್ಕೆವು. ವರ್ನಾ ನಗಲಿಲ್ಲ. ಲೋಟ ಬದಿಗಿಟ್ಟು ಹೇಳತೊಡಗಿದಳು.

"ನಗಿ, ನಗಿ... ಇಮೊಜಿನ್ ಕೂಡ ಹೀಗೇ ನಗ್ತಿದ್ಲು. ನಿಮಗ್ಯಾರಿಗೂ ಅವಳು ಗೊತ್ತಿಲ್ಲ. ಮೇಲೆ ಕಾಡಂಚಲ್ಲಿ ಪಾಳು ಬಿದ್ದಿರೋ ಮನೆ ಇದೆಯಲ್ಲ, ಮೇಪಲ್ ಮರ ಮುರ್ಕೊಂಡು ಸೂರಿನ ಮೇಲೆ ಬಿದ್ದಿರೋದು, ಅದೇ ಅವಳೂ ಅವಳ ಗಂಡ ಲೈಲೂ ಬಾಳಿದ ಮನೆ. ಈ ಕಪ್ಪೆ ದಾಟಿಸೋ ಹುಚ್ಚು ಶುರು ಮಾಡಿದ್ದೇ ನಾವು ಮೂರು ಜನ. ಮುಖ ಎತ್ತ ಇದೆ ಅಂತ ನೋಡದೆ ಕಪ್ಪೆ ಎತ್ತಬಾರದು ಅನ್ನೋ ಕಟ್ಟಳೆ ಮಾಡಿದೋಳು ಅವಳೇ. ಯಾಕೆ ಹೇಳಿ? ತಪ್ಪು ಕಡೆ ಬಿಟ್ಟ ಕಪ್ಪೆ ಅಲ್ಲೇ ಕೂರುತ್ತಾ? ಕೂರಲ್ಲ. ತಿರುಗಿ ರಸ್ತೆಗೇ ಬರುತ್ತೆ... ಸಾಯೋವರೆಗೂ ಬರ್ತಾನೇ ಇರುತ್ತೆ.

"ಒಂದು ಸಂಜೆ, ಇಂಥದೇ ಮಳೆ, ಇಮೊಜಿನ್ ನೀಲಿ ಬಕೆಟ್ ತುಂಬ ಬಸುರಿ ಕಪ್ಪೆಗಳನ್ನ ಹಾಕ್ಕೊಂಡು ದಾಟ್ತಿದ್ಲು, ದಿಮ್ಮಿ ಲಾರಿ ಬಂತು. ಅವನಾದರೂ ಏನ್ ಮಾಡ್ತಾನೆ, ಕಪ್ಪೆ ಬೆದರುತ್ತೆ ಅಂತ ನಾವೇ ದೀಪ ಆರಿಸಿದ್ವಿ. ನಾನೂ ಲೈಲೂ ಅವಳನ್ನ ಎತ್ಕೊಂಡು ಬಂದು ಇಲ್ಲಿ ಮಲಗಿಸಿದ್ವಿ... ಇಲ್ಲೇ, ನೀವು ಬಕೆಟ್ ಇಟ್ಟಿರೋ ಜಾಗದಲ್ಲೇ. ಇಲ್ಲೇ ಉಸಿರು ಹೋಯ್ತು. ಲೈಲ್ ಅತ್ತಿದ್ದು ಕೇಳಿದ್ರೆ ಕಲ್ಲೂ ಕರಗಬೇಕು. ನಾನಂತೂ ಇವತ್ತಿಗೂ ಆ ದನಿ ಮರೆತಿಲ್ಲ.

"ಮಾರನೇ ವರ್ಷ ಮೊದಲ ಮಳೆಗೆ ನಾವಿಬ್ರೇ ಬಂದ್ವಿ. ಕಪ್ಪೆಗಳೂ ಬಂದ್ವು. ಆದ್ರೆ ದಾಟ್ಲಿಲ್ಲ ಕಣ್ರೋ... ರಸ್ತೆ ಅಂಚಲ್ಲಿ ಸಾಲಾಗಿ ಕೂತ್ವು, ಕೈಗೂ ಸಿಗದೆ ಹಿಂದೆ ಜಿಗಿಯೋವು, ಮತ್ತೆ ಬಂದು ಕೂರೋವು, ಯಾರಿಗೋ ಕಾಯ್ತಿರೋ ಹಾಗೆ. ಗೂಬೆಗಳು ಬಾಯಿ ಮುಚ್ಚಿದ್ವು. ಆಮೇಲೆ ನೋಡ್ತೀವಿ, ರಸ್ತೆ ನಡುವೆ ಇಮೊಜಿನ್‌ದೇ ಹಳದಿ ರೇನ್‌ಕೋಟು... ನಿಂತಿದಾಳೆ. ಕೈಲಿ ಬಕೆಟ್ ಇಲ್ಲ.

"'ಮನೆಗೆ ಬರ್ತಿದಾಳೆ' ಅಂದ ಲೈಲ್.

"'ಲೈಲ್, ಸರಿಯಾಗಿ ನೋಡು. ಮುಖ ಕೆರೆ ಕಡೆಗಿದೆ. ಅವಳನ್ನ ನಾವು ತಪ್ಪು ಕಡೆ ಮಲಗಿಸಿದ್ವಿ. ಹಿಡಿದ ಕೆಲಸ ಮುಗಿಸೋಕೆ ಹೊರಟಿದಾಳೆ, ಆಚೆ ದಾಟಿಸಿ ಬಿಡು' ಅಂದೆ.

"'ನನ್ನ ಹೆಂಡ್ತಿ ಮನೆಗಲ್ದೆ ಎಲ್ಲಿಗೆ ಹೋಗ್ತಾಳೆ? ಬಾವುಟ ಹಿಡ್ದು ಗಾಡಿ ನಿಲ್ಲಿಸು, ಸಾಕು!' ಅಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋನು ಅವನು. ಒಂದೊಂದು ಕಪ್ಪೆ ಮುಖಾನೂ ನೋಡಿ ಎತ್ತುತ್ತಿದ್ದೋನು, ತನ್ನ ಹೆಂಡ್ತಿ ಮುಖ ನೋಡ್ಲಿಲ್ಲ. ಕೈಲಿ ಸೋಪಿದ್ರೆ ಕಪ್ಪೆ ಮೈ ಉರಿಯುತ್ತೆ ಅಂತ ಮಳೆನೀರಲ್ಲಿ ಕೈ ತೊಳೀತೀವಲ್ಲ, ಹಾಗೇ ತೊಳ್ಕೊಂಡ. ಹೋಗಿ ಬಗ್ಗಿ, ಎರಡೂ ಕೈ ಚಾಚಿ ಎತ್ಕೊಂಡ. ಹಳದಿ ಕೋಟು ನನ್ನ ಕಣ್ಣಿಗೆ ಮಾಯ ಆಯ್ತು, ಆದ್ರೆ ಭಾರಕ್ಕೆ ಅವನ ಬೂಟು ಕೆಸರಲ್ಲಿ ಹೂತುಕೊಳ್ಳೋದು ಕಾಣಿಸ್ತು. ನನ್ನ ಪಕ್ಕದಲ್ಲೇ ಹಾದು ಕಾಡು ಹತ್ತಿ ಹೋದ... ನಗ್ತಾ ಇದ್ದ.

"ಮರುದಿನ ಹಗಲಲ್ಲೇ ಹೋಗಿ ಬಾಗಿಲು ತಟ್ಟಿದೆ. ಬಾಗಿಲಿಗೆ ಒಳಗಿಂದ ಹೊಸ ಚಿಲಕ. ಮೇಜಿನ ಮೇಲೆ ಎರಡು ಕಪ್ ಕಾಫಿ. 'ಇಮೊಜಿನ್ ಮಲಗಿದಾಳೆ, ಮೆಲ್ಲಗೆ ಮಾತಾಡು' ಅಂದ. ನೆಲದ ತುಂಬ ಒದ್ದೆ ಹೆಜ್ಜೆ. ಮಂಚದಿಂದ ಬಾಗಿಲಿಗೆ, ಮಂಚದಿಂದ ಬಾಗಿಲಿಗೆ... ಬಾಗಿಲಿಂದ ವಾಪಸ್ ಬಂದ ಹೆಜ್ಜೆ ಒಂದೂ ಇರ್ಲಿಲ್ಲ. 'ಬಿಟ್ಬಿಡು ಲೈಲ್, ಬೇಡ್ಕೋತೀನಿ' ಅಂದೆ. 'ಒಂದ್ಸಲ ಕಳ್ಕೊಂಡಿದೀನಿ, ಇನ್ನೊಂದ್ಸಲ ಕಳ್ಕೊಳಲ್ಲ' ಅಂತ ನನ್ನನ್ನೇ ಆಚೆ ತಳ್ಳಿ ಚಿಲಕ ಹಾಕ್ದ. ಮೆಟ್ಟಿಲ ಮೇಲೆ, ಜರಿಗಿಡದ ಬುಡದಲ್ಲಿ, ಎಲ್ಲೆಲ್ಲೂ ಕಪ್ಪೆ. ಹೊಟ್ಟೆ ತುಂಬ ಮೊಟ್ಟೆ ಹೊತ್ಕೊಂಡು ಕೂತಿದ್ವು. ಎಲ್ಲದರ ಮುಖ ಎತ್ತ ಇತ್ತು ಅಂತೀರಿ? ಆ ಬಾಗಿಲ ಕಡೆಗೆ.

"ಆ ವರ್ಷ ಕೆರೇಲಿ ಮೊಟ್ಟೆ ಕಾಣ್ಲಿಲ್ಲ. ಕಪ್ಪೆಗಳು ಆ ಮೆಟ್ಟಿಲ ಮೇಲೇ ಒಣಗಿ ಸತ್ವು. ಕಯೋಟಿ ತೋಳಗಳೂ ಆ ಸತ್ತ ಕಪ್ಪೆಗಳನ್ನ ಮೂಸಿ ನೋಡ್ಲಿಲ್ಲ. ಲೈಲ್ ಮಾತ್ರ ಚಿಲಕ ತೆಗೀಲಿಲ್ಲ.

"ಮುಂದಿನ ಜೋರು ಮಳೆಗೆ ಆ ಬಾಗಿಲು ಒಳಗಿಂದ ಒಡೆದಿತ್ತು. ಲೈಲ್ ಸಿಕ್ಕಿದ್ದು ಈ ರಸ್ತೆ ನಡುವೆ. ಯಾವ ಗಾಡಿನೂ ಹೊಡೆದಿರ್ಲಿಲ್ಲ, ಮೈಮೇಲೆ ಒಂದು ಗೀರೂ ಇಲ್ಲ. ಆ ಸಲ ನಾನು ಮುಖ ನೋಡಿದೆ... ಮುಖ ಗುಡ್ಡದ ಕಡೆಗೆ, ಮನೆ ಕಡೆಗೆ. ಬೂಟಿನ ಹಿಮ್ಮಡಿ ಎರಡೂ, ಕೆರೆ ಕಡೆಗೆ ಯಾರೋ ಎಳ್ಕೊಂಡು ಹೋದ ಹಾಗೆ ಸವೆದಿದ್ವು. ಬಲಗೈ ಮುಷ್ಟಿ ಬಿಡಿಸೋಕೆ ನಮ್ಮಿಂದ ಆಗ್ಲೇ ಇಲ್ಲ, ಮುಷ್ಟಿ ಜೊತೆಗೇ ಮಣ್ಣು ಮಾಡಿದ್ವಿ. ಅವಳು ಕೆರೆಗೆ ಹೋಗ್ಬೇಕು, ಇವನು ಕೈ ಬಿಡಲ್ಲ. ಪ್ರೀತಿ ಅಂತೀರಾ ಅದನ್ನ? ನಾನು ಅನ್ನಲ್ಲ."

ಮಾಡಿನ ಮೇಲೆ ಮಳೆ ಸದ್ದು ಕಡಿಮೆಯಾಗಿತ್ತು. ರಸ್ತೆಯಲ್ಲಿ ಬರುತ್ತಿದ್ದ ಲಾರಿಯೊಂದು, ಅಡ್ಡ ಯಾರೂ ಇಲ್ಲದಿದ್ದರೂ, ನಮ್ಮೆದುರಿಗೆ ಗಕ್ಕನೆ ನಿಂತು, ಆಮೇಲೆ ಮೆಲ್ಲಗೆ ಬದಿ ಬಳಸಿ ಹೋಯಿತು. ವರ್ನಾ ಎದ್ದು ಕೈಗವಸು ಹಾಕಿಕೊಂಡಳು.

"ಅದಕ್ಕೇ ಹೇಳೋದು, ಮುಖ ನೋಡಿ ಎತ್ತಿ ಅಂತ. ರಸ್ತೆ ನಡುವೆ ಬಕೆಟ್ ಭಾರ ಆದ್ರೆ ನಿಲ್ಲಬೇಡಿ, ಇಣುಕಿ ನೋಡ್ಬೇಡಿ. ರೊವೀನಾ, ಆಗ್ಲೇ ಭಾರ ಅಂದ್ಯಲ್ಲ... ಬಕೆಟ್ ಯಾವ ಕಡೆಗೆ ಎಳೀತು, ಕೆರೆ ಕಡೆಗೋ ಮನೆ ಕಡೆಗೋ?"

ರೊವೀನಾ ಭುಜ ಉಜ್ಜುವುದನ್ನು ನಿಲ್ಲಿಸಿದ್ದಳು.

"ಎರಡೂ ಕಡೆಗೆ" ಅಂದಳು.

ವರ್ನಾ ತಲೆಯಾಡಿಸಿ, ಬಾವುಟ ಕೈಗೆತ್ತಿಕೊಂಡಳು. "ಹಾಗಾದ್ರೆ ಇನ್ನೂ ಅವಳ ಕೈ ಬಿಟ್ಟಿಲ್ಲ ಅವನು. ಏಳಿ, ಕಪ್ಪೆ ಕಾಯ್ತಿವೆ."