ಬುಧವಾರದ ಸ್ಲ್ಯಾಬ್

ನಾನು, ವಯಸ್ಸು 41, ಐದು ಮಹಡಿಯ ಕಚೇರಿ ಕಟ್ಟಡದ ಕಾಮಗಾರಿಯಲ್ಲಿ ಪ್ಲಾನಿಂಗ್ ಇಂಜಿನಿಯರ್. ಯಾವ ಕೆಲಸ ಯಾವ ದಿನ ಆಗಬೇಕೆಂದು ಗೊತ್ತುಮಾಡುವವಳಾದ್ದರಿಂದ ಅಲ್ಲಿ ಎಲ್ಲರೂ ನನ್ನನ್ನು ತಾರೀಕಕ್ಕ ಎನ್ನುತ್ತಾರೆ. ವಾಸ, ಕಾಮಗಾರಿಯ ಹಿಂದಿನ ಬೀದಿಯ ಬಾಡಿಗೆ ಮನೆ, ತಮ್ಮನ ಜೊತೆ. ಠಾಣೆಗೆ ಕರೆಸಿ ಕೇಳಿದ ಮೇಲೆ ನಾನು ಬರೆಸುವುದೇನೆಂದರೆ:

ನನ್ನ ತಮ್ಮ ಅದೇ ಕಾಮಗಾರಿಯಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಕಾಂಕ್ರೀಟ್ ಸುರಿಯುವಾಗ ಕೆಳಗಿನ ಹಲಗೆ, ಆಸರೆ ಜರುಗದಂತೆ ನೋಡಿಕೊಳ್ಳಲು ಅವನು ಇರಲೇಬೇಕು. ಮೂರನೇ ಮಹಡಿಯ ಸ್ಲ್ಯಾಬ್ ಕಳೆದ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆಂದು ಗೊತ್ತಾಗಿತ್ತು. ಆಮೇಲೆ ನಮ್ಮ ಅಮ್ಮನ ಹೃದಯದ ಆಪರೇಷನ್ ಕೂಡ ಅದೇ ದಿನ ಹನ್ನೊಂದಕ್ಕೆ ಬಂತು. ಸ್ಲ್ಯಾಬನ್ನು ಒಂದು ದಿನ ಮುಂದಕ್ಕೆ ಹಾಕೋಣವೇ ಎಂದು ಮ್ಯಾನೇಜರನ್ನು ಕೇಳಿದೆ. ಅದು ಸರಿದರೆ ಅದರ ಮೇಲಿನ ಗೋಡೆ, ವೈರಿಂಗ್, ಲಿಫ್ಟು, ಕೊನೆಗೆ ಕಟ್ಟಡ ಒಪ್ಪಿಸುವ ದಿನವೇ ಸರಿಯುತ್ತದೆ, ಇದನ್ನು ನನಗೆ ಹೇಳಿಕೊಟ್ಟವರು ನೀವೇ ಅಲ್ಲವೇ ಎಂದು ಅವರು ನಕ್ಕರು. ಮಾತು ಸುಳ್ಳಲ್ಲ. ಮನೆಗೆ ಬಂದು ಅದೇ ಪಾಠವನ್ನು ತಮ್ಮನಿಗೆ ಒಪ್ಪಿಸಿದೆ. ನೀನು ಹೇಳಿದ ಮೇಲೆ ಮುಗೀತು ಬಿಡು ಅಕ್ಕ ಎಂದ.

ಬುಧವಾರ ಆಸ್ಪತ್ರೆಯಲ್ಲಿ ಅಮ್ಮನ ಜೊತೆ ನಾನೊಬ್ಬಳೇ ಇದ್ದೆ. ಅಮ್ಮ ಹಸಿರು ಗೌನು ಹಾಕಿಕೊಂಡು ಕೂತು, ಅವನೆಲ್ಲಿ, ಇನ್ನೂ ಬರ್ಲಿಲ್ವಾ ಎಂದು ಬಾಗಿಲ ಕಡೆ ನೋಡುತ್ತಿದ್ದಳು. ಸ್ಲ್ಯಾಬ್ ಮುಗಿಸಿ ಬರುತ್ತಾನೆ ಎಂದೆ. ‘ಅದೇನು ಸ್ಲ್ಯಾಬೋ ನಿಮ್ಮದು! ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಬರೋಕೆ ಹೇಳು’ ಎಂದಳು. ಒಳಗೆ ಕರೆದೊಯ್ಯುವಾಗಲೂ ತಿರುಗಿ ಬಾಗಿಲು ನೋಡಿದಳು. ಆಪರೇಷನ್ ನಡೆಯುತ್ತಿದ್ದಾಗಲೇ ತೀರಿಕೊಂಡಳು.

ತಮ್ಮ ಒಂದು ಗಂಟೆಗೆ ಓಡೋಡಿ ಬಂದ. ಬಟ್ಟೆಗೆ ಸಿಮೆಂಟಿನ ಒಂದು ಹನಿಯೂ ತಗಲಿರಲಿಲ್ಲ. ಕಾಂಕ್ರೀಟ್ ಪ್ಲಾಂಟಿನಲ್ಲಿ ಯಂತ್ರ ಕೆಟ್ಟು ಒಂದು ಲಾರಿಯೂ ಬಂದಿರಲಿಲ್ಲ. ಈಗ ಬರುತ್ತೆ, ಇನ್ನೇನು ಬಂತು ಎನ್ನುತ್ತಾ ಮ್ಯಾನೇಜರ್ ಅವನನ್ನು ಮಧ್ಯಾಹ್ನದವರೆಗೂ ನಿಲ್ಲಿಸಿಕೊಂಡಿದ್ದರು.

ಇಂದು ಸೋಮವಾರ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದೆವು. ಸೈಟ್ ಆಫೀಸಿನ ಗೋಡೆಗೆ ಎಂಟಡಿ ಉದ್ದದ ತಗಡಿನ ಬೋರ್ಡ್ ಇತ್ತು. ಒಂದೊಂದು ಕೆಲಸಕ್ಕೆ ಆಯಸ್ಕಾಂತದ ಒಂದೊಂದು ಚೀಟಿ; ಚೀಟಿ ಯಾವ ದಿನದ ಮನೆಯಲ್ಲಿದೆಯೋ ಆ ದಿನ ಆ ಕೆಲಸ. ಸ್ಲ್ಯಾಬನ್ನು ಈ ಗುರುವಾರಕ್ಕೆ ಹಾಕಿಬಿಡಿ ಎಂದು ಮ್ಯಾನೇಜರ್ ಹೇಳಿ ಫೋನ್ ಹಿಡಿದು ಹೊರಗೆ ಹೋದರು. ನಾನು ಬೆರಳಿನಿಂದ ಚೀಟಿ ತಳ್ಳಿದೆ. ಒಂದು ದಿನ ಸರಿದರೆ ಆಕಾಶ ಕಳಚಿ ಬೀಳುತ್ತದೆ ಎಂದಿದ್ದ ಸ್ಲ್ಯಾಬು ಎಂಟು ದಿನ ಸರಿಯಿತು. ಹಾಜರಿ ಹಾಕಲು ಬಂದಿದ್ದ ತಮ್ಮ ನನ್ನ ಹಿಂದೆಯೇ ನಿಂತಿದ್ದ.

‘ಇಷ್ಟು ಸುಲಭವಾಗಿ ಸರಿಯುತ್ತಾ ಅಕ್ಕ ಇದು?’ ಎಂದು ಕೇಳಿದ.

ಚೀಟಿಯ ಮೇಲಿದ್ದ ಬೆರಳನ್ನು ತೆಗೆದೆ.

ತಮ್ಮ ಒಬ್ಬನೇ ಬೋರ್ಡ್ ಕಿತ್ತೆಸೆದು ಹಾಳುಮಾಡಿದನೆಂದೂ, ತಡೆಯಲು ಹೋದ ನನ್ನ ಹಣೆಗೆ ಗಾಯವಾಯಿತೆಂದೂ ಮ್ಯಾನೇಜರ್ ದೂರು ಕೊಟ್ಟಿರುವುದನ್ನು ತಾವು ಓದಿ ಹೇಳಿದಿರಿ. ನಾನು ತಡೆಯಲು ಹೋಗಲಿಲ್ಲ; ಹಣೆಗೆ ತಗಲಿದ್ದು ಬೋರ್ಡ್ ಕಳಚಿ ಬೀಳುವಾಗ ಅದರ ಅಂಚು. ಆ ಬೋರ್ಡ್ ಒಬ್ಬರ ಕೈಲಿ ಕೀಳಲಾಗುವಂಥದ್ದಲ್ಲ. ಅವನು ಎಡತುದಿ ಹಿಡಿದ. ಬಲತುದಿ ಹಿಡಿದವಳು ನಾನು. ಆದಕಾರಣ ದೂರಿನಲ್ಲಿ ಅವನ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಸೇರಿಸಬೇಕಾಗಿ ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಸೋಮವಾರ, ಅಮ್ಮ ಹೋಗಿ ಐದು ದಿನ
ಸಹಿ: (ಅಕ್ಕ)