ಲೀಡರ್ ಆದ ಬಾಯಿಬಡಕಿ

ಗಂಟಲು ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಇಬ್ಬರು ಟೀಚರುಗಳು ಕೂತಿದ್ದರು. ಕಿರಿಯವರ ದನಿ ಪೂರ್ತಿ ಒಡೆದಿತ್ತು.

“ತರಬೇತೀಲಿ ಹೇಳಿದ್ರಲ್ಲ, ಮಕ್ಕಳು ಗಲಾಟೆ ಮಾಡಿದ್ರೆ ಕಿರುಚಬೇಡಿ, ಸುಮ್ನೆ ನಿಂತ್ಕೊಳ್ಳಿ ಅಂತ?” ಎಂದರು ಹಿರಿಯವರು.

“ನಿಂತೆ ಅಕ್ಕ. ಬೆಲ್ ಹೊಡೆಯೋವರೆಗೂ ನಿಂತೆ. ಒಬ್ರೂ ತಿರುಗಿ ನೋಡ್ಲಿಲ್ಲ.”

“ಗಲಾಟೆ ಮಾಡೋರಿಗೇ ಜವಾಬ್ದಾರಿ ಕೊಡಿ ಅಂದಿದ್ರು.”

“ಅದೂ ಆಯ್ತು. ನಮ್ಮ ಕ್ಲಾಸಲ್ಲಿ ಒಬ್ಳು ಬಾಯಿಬಡಕಿ ಹುಡುಗಿ ಇದಾಳಲ್ಲ, ಅವಳನ್ನೇ ಲೀಡರ್ ಮಾಡ್ದೆ.”

“ಅವಳ ಮಾತು ಕೇಳ್ತಾರಾ?”

“ಯಾರೂ ಉಸಿರೆತ್ತಲ್ಲ. ನಿನ್ನೆ ಆಫೀಸಿಂದ ಕ್ಲಾಸಿಗೆ ಬರ್ತಾ ಬಾಗಿಲಾಚೆನೇ ನಿಂತ್ಬಿಟ್ಟೆ.”

“ಯಾಕೆ?”

“ಟೇಬಲ್ಲಿಗೆ ಡಸ್ಟರ್ ಕುಟ್ತಾ, ‘ಕತ್ತೆಗಳಾ, ನಿಮ್ಮ ಹಣೆಬರಹ ಇಷ್ಟೇ’ ಅಂತಿದ್ಲು. ಮುಂದಿನ ಬೆಂಚಿನ ಮಗು ಬಿಕ್ಕಿಬಿಕ್ಕಿ ಅಳ್ತಿತ್ತು.”

“ಅಯ್ಯೋ! ಅವಳಿಗೆ ಯಾರು ಕಲಿಸಿದ್ರು?”

“ನಂದೇ ಮಾತು ಅಕ್ಕ. ಕುಟ್ಟೋದೂ ನನ್ನ ಹಾಗೇ.”

ನರ್ಸ್ ಕರೆದರು. ಹಿರಿಯವರು ಎದ್ದು, “ಬಾ, ದನಿ ವಾಪಸ್ ಬರತ್ತೆ,” ಎಂದರು.

“ಬರದಿದ್ರೇ ಒಳ್ಳೇದು ಅಕ್ಕ,” ಎನ್ನುತ್ತ ಕಿರಿಯವರು ಅವರ ಹಿಂದೆ ಒಳಗೆ ಹೋದರು.